ಸ್ವಿಗ್: ಟೆಂಪ್ಲೇಟ್ ಇರುವ ಕಡೆ ಎಚ್ಚರವಿಟ್ಟು ಬಳಸಬೇಕಾದ ಸಾಧನ

ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಲೈಬ್ರರಿಯನ್ನು ಸಿ ಶಾರ್ಪ್ ಅಥವಾ ಜಾವಾದಿಂದ ಬಳಸಲು ಬೇಕಾಗುವ ನಡುವಿನ ಕೋಡನ್ನು ತಾನೇ ಬರೆದುಕೊಡುವ ಸಾಧನಗಳಲ್ಲಿ ಸ್ವಿಗ್ ಹಿರಿಯದು. ಡೇವಿಡ್ ಬೀಜ್ಲಿ ಅವರು ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿದ್ದಾಗ 1995ರಲ್ಲಿ ಇದನ್ನು ಆರಂಭಿಸಿದರು. ಬಿಡಿ ಫಂಕ್ಷನ್‌ಗಳ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಟೆಂಪ್ಲೇಟ್ (ಟೈಪನ್ನು ಆಮೇಲೆ ತುಂಬುವ ಕೋಡಿನ ಅಚ್ಚು) ಮತ್ತು ಇನ್‌ಹೆರಿಟೆನ್ಸ್ (ಒಂದು ಕ್ಲಾಸ್ ಇನ್ನೊಂದರ ಮೆಥಡ್‌ಗಳನ್ನು ಪಡೆಯುವುದು) ಒಂದೇ ಹೆಡರ್ ಫೈಲಿನಲ್ಲಿ ಕೂಡಿ ಬಂದಾಗಲೇ ಇದರ ಬಲವೂ ಕೊರತೆಯೂ ಸರಿಯಾಗಿ ತಿಳಿಯುತ್ತವೆ.

ಸಿ ಶಾರ್ಪ್‌ನ ಜೆನೆರಿಕ್ಸ್ (ಟೆಂಪ್ಲೇಟನ್ನು ಹೋಲುವ ಸೌಲಭ್ಯ) ಪ್ರೋಗ್ರಾಂ ಓಡುವಾಗಲೂ ಉಳಿದಿರುತ್ತವೆ. ಸಿ ಪ್ಲಸ್ ಪ್ಲಸ್ ಟೆಂಪ್ಲೇಟ್ ಹಾಗಲ್ಲ, ಕಂಪೈಲ್ ಆದ ಮೇಲೆ ಬೈನರಿಯಲ್ಲಿ ಸಿಗುವುದು ನಿರ್ದಿಷ್ಟ ಟೈಪ್‌ಗಳಿಗೆಂದು ಹುಟ್ಟಿದ ಕೋಡ್ ಮಾತ್ರ. ಆದ್ದರಿಂದಲೇ ಯಾವ ಯಾವ ಟೈಪ್‌ಗೆ ಯಾವ ಹೆಸರಿನ ಕ್ಲಾಸ್ ಬೇಕೆಂಬುದನ್ನು ಇಂಟರ್‌ಫೇಸ್ ಫೈಲಿನಲ್ಲಿ (ಸ್ವಿಗ್‌ಗೆ ಸೂಚನೆಗಳನ್ನು ಕೊಡುವ ಫೈಲು) %ಟೆಂಪ್ಲೇಟ್ ಸೂಚನೆಯ ಮೂಲಕ ಒಂದೊಂದಾಗಿ ಬರೆಯಬೇಕೆಂದು ಸ್ವಿಗ್ ಕೇಳುತ್ತದೆ. ಈ ಬೇಡಿಕೆ ನ್ಯಾಯವಾದದ್ದೇ. ಪೂರ್ಣಾಂಕಗಳ ವೆಕ್ಟರ್‌ಗೆ (ಪಟ್ಟಿಗೆ) ಹೀಗೆ ಹೆಸರಿಟ್ಟರೆ ಫೋರ್‌ಈಚ್ ಲೂಪಿನಲ್ಲಿ ನೇರವಾಗಿ ಬಳಸಬಹುದಾದ ಅಚ್ಚುಕಟ್ಟಾದ ಸಿ ಶಾರ್ಪ್ ಕ್ಲಾಸ್ ಸಿಗುತ್ತದೆ.

ತೊಡಕು ಬರುವುದು ಟೆಂಪ್ಲೇಟೇ ಬೇಸ್ ಕ್ಲಾಸ್ (ಇನ್ನೊಂದು ಕ್ಲಾಸಿಗೆ ಮೂಲ) ಆದಾಗ. ಡಬಲ್ ಟೈಪಿನ ಶೇಪ್ ಟೆಂಪ್ಲೇಟಿನಿಂದ ಸರ್ಕಲ್ ಎಂಬ ಕ್ಲಾಸ್ ಬಂದಿದೆ ಎಂದುಕೊಳ್ಳೋಣ. ಶೇಪ್‌ನ %ಟೆಂಪ್ಲೇಟ್ ಸಾಲು ಸರ್ಕಲ್‌ನ ಘೋಷಣೆಗಿಂತ ಮೊದಲೇ ಇರಬೇಕು. ಇಲ್ಲದಿದ್ದರೆ ಸ್ವಿಗ್ 401ನೇ ಎಚ್ಚರಿಕೆಯನ್ನು ಮುದ್ರಿಸಿ, ಬೇಸ್ ಕ್ಲಾಸನ್ನು ಕೈಬಿಟ್ಟು ಮುಂದುವರಿಯುತ್ತದೆ. ಸರ್ಕಲ್ ಸಿಗುತ್ತದೆ, ಆದರೆ ಶೇಪ್‌ನಿಂದ ಬರಬೇಕಿದ್ದ ಮೆಥಡ್‌ಗಳು ಅದರಲ್ಲಿ ಇರುವುದಿಲ್ಲ. ಬಿಲ್ಡ್ ಲಾಗಿನ ನೂರಾರು ಸಾಲುಗಳ ನಡುವೆ ಈ ಎಚ್ಚರಿಕೆ ಕಣ್ತಪ್ಪುವುದು ಸಹಜ. ಇದನ್ನು ದೋಷವೆಂದೇ ಪರಿಗಣಿಸಿ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ; ಎಚ್ಚರಿಕೆಗಳನ್ನು ದೋಷಗಳಾಗಿಸುವ -ಡಬ್ಲ್ಯುಎರರ್ ಆಯ್ಕೆಯನ್ನು ಮೊದಲ ದಿನದಿಂದಲೇ ಬಳಸುವುದು ಒಳ್ಳೆಯದು. ಒಂದಕ್ಕಿಂತ ಹೆಚ್ಚು ಬೇಸ್ ಕ್ಲಾಸ್‌ಗಳಿದ್ದರೆ ಮೊದಲನೆಯದಷ್ಟೇ ಉಳಿಯುತ್ತದೆ, ಏಕೆಂದರೆ ಸಿ ಶಾರ್ಪ್‌ನಲ್ಲಿಯೂ ಜಾವಾದಲ್ಲಿಯೂ ಹಲವು ಬೇಸ್ ಕ್ಲಾಸ್‌ಗಳಿಗೆ ಅವಕಾಶವಿಲ್ಲ. ಉಳಿದವುಗಳನ್ನು ಇಂಟರ್‌ಫೇಸ್ (ಮೆಥಡ್‌ಗಳನ್ನು ಸಾರುವಷ್ಟೇ ಮಾಡುವ ಟೈಪ್) ಆಗಿಸುವ ಮ್ಯಾಕ್ರೋಗಳು ಇತ್ತೀಚಿನ ಆವೃತ್ತಿಗಳಲ್ಲಿವೆ.

ಸ್ವಿಗ್‌ನ ಅತ್ಯುತ್ತಮ ಭಾಗವೆಂದರೆ ಡೈರೆಕ್ಟರ್. ಸಿ ಶಾರ್ಪ್‌ನಲ್ಲಿ ಓವರ್‌ರೈಡ್ ಮಾಡಿದ (ಬದಲಿಸಿ ಬರೆದ) ವರ್ಚುವಲ್ ಮೆಥಡನ್ನು ಸಿ ಪ್ಲಸ್ ಪ್ಲಸ್ ಕೋಡ್ ತನ್ನದೇ ಎಂಬಂತೆ ಕರೆಯುತ್ತದೆ, ಇದನ್ನು ಕೈಯಾರೆ ಬರೆದವರಿಗೆ ಉಳಿತಾಯವಾಗುವ ಶ್ರಮ ಎಷ್ಟೆಂಬುದು ಗೊತ್ತು. ಆದರೆ ಆಬ್ಜೆಕ್ಟಿನ ವಿಳಾಸವನ್ನು ನೇಟಿವ್ (ಸಿ ಪ್ಲಸ್ ಪ್ಲಸ್) ಕಡೆಯವರು ಮಾತ್ರ ಹಿಡಿದಿದ್ದರೆ, ಗಾರ್ಬೇಜ್ ಕಲೆಕ್ಟರ್ (ಬಳಕೆಯಲ್ಲಿಲ್ಲದ ಆಬ್ಜೆಕ್ಟ್‌ಗಳನ್ನು ತಾನೇ ತೆಗೆಯುವ ವ್ಯವಸ್ಥೆ) ಮ್ಯಾನೇಜ್ಡ್ (ಸಿ ಶಾರ್ಪ್ ಅಥವಾ ಜಾವಾ ಕಡೆಯ) ಆಬ್ಜೆಕ್ಟನ್ನು ತೆಗೆದುಹಾಕುವಾಗ ಅದರ ಒಡೆತನದಲ್ಲಿರುವ ನೇಟಿವ್ ಆಬ್ಜೆಕ್ಟ್ ಕೂಡ ಅಳಿಯುತ್ತದೆ, ಮುಂದಿನ ಕರೆಯಲ್ಲಿ ಪ್ರೋಗ್ರಾಂ ಕುಸಿಯುತ್ತದೆ. ಸಿ ಶಾರ್ಪ್‌ನಲ್ಲಿ ಅಂಥ ಆಬ್ಜೆಕ್ಟನ್ನು ಒಂದು ಫೀಲ್ಡಿನಲ್ಲಿ ಇಟ್ಟುಕೊಂಡಿರಬೇಕು. ಜಾವಾದಲ್ಲಾದರೆ ಒಡೆತನವನ್ನು ಬಿಟ್ಟುಕೊಡುವ ಮೆಥಡ್ ಇದೆ.

ವಿಂಡೋಸ್‌ಗೆ ಮಾತ್ರ ಕೆಲಸ ಮಾಡುವವರಿಗೆ ಸಿ ಪ್ಲಸ್ ಪ್ಲಸ್ ಸಿಎಲ್‌ಐ (ಡಾಟ್‌ನೆಟ್‌ಗೆಂದು ಮೈಕ್ರೋಸಾಫ್ಟ್ ವಿಸ್ತರಿಸಿದ ಸಿ ಪ್ಲಸ್ ಪ್ಲಸ್) ಹೆಚ್ಚು ಹಿಡಿತ ಕೊಡುತ್ತದೆ. ಲಿನಕ್ಸ್ ಕೂಡ ಬೇಕಾದವರಿಗೆ, ಅಥವಾ ಅದೇ ಲೈಬ್ರರಿಯನ್ನು ಜಾವಾಗೂ ಪೈಥಾನ್‌ಗೂ ಒದಗಿಸಬೇಕಾದವರಿಗೆ, ನಾನು ಸ್ವಿಗ್ ಅನ್ನೇ ಸೂಚಿಸುತ್ತೇನೆ.