ತಮ್ಮನ ದವಡೆ ಆಪರೇಷನ್: ಮೈಸೂರಿನ ಡೆಂಟಲ್ ಕಾಲೇಜ್ ಆಸ್ಪತ್ರೇಲಿ ನಮಗಾದ ಅನುಭವ

ನಮ್ದು ಪಾಂಡವಪುರದ ಹತ್ರ ಹಳ್ಳಿ. ಕಬ್ಬಿನ ಸೀಸನ್ನಲ್ಲಿ ರಾತ್ರಿ ಹೊತ್ತು ಲೈಟು ರಿಫ್ಲೆಕ್ಟರು ಏನೂ ಇಲ್ದೆ ರೋಡ್ ಪಕ್ಕ ನಿಲ್ಸಿದ್ದ ಟ್ರಾಕ್ಟರ್ ಟ್ರೇಲರ್‌ಗೆ ನನ್ ತಮ್ಮ ಬೈಕಲ್ಲಿ ಗುದ್ದಿದ. ಹಾಕಿದ್ದು ಅರ್ಧ ಹೆಲ್ಮೆಟ್ಟು, ತಲೆ ಉಳೀತು ಆದ್ರೆ ಕೆಳದವಡೆ ಎರಡು ಕಡೆ ಮುರಿದು ಎಡಗೆನ್ನೆ ಮೂಳೆ ಒಳಕ್ಕೆ ಕುಸಿದಿತ್ತು.

ಮೊದ್ಲು ಹೋದ ನರ್ಸಿಂಗ್ ಹೋಮ್ ಹೆಸರು ಬೇಡ. ಗದ್ದಕ್ಕೆ ಹೊಲಿಗೆ ಹಾಕಿ, ತಲೆ ಸ್ಕ್ಯಾನ್ ನಾರ್ಮಲ್ ಇದೆ ಅಂದು ಮಾರನೇ ದಿನ ಮನೆಗೆ ಕಳಿಸ್ಬಿಟ್ರು. ಹಲ್ಲಿಗೆ ಹಲ್ಲು ಕೂರ್ತಿಲ್ಲ ಅಕ್ಕ ಅಂತ ಅವ್ನು ಪೇಪರಲ್ಲಿ ಬರೆದು ತೋರಿಸ್ತಾನೇ ಇದ್ದ, ಅಲ್ಲಿ ಯಾರೂ ಕಿವಿಗೆ ಹಾಕೊಳ್ಲಿಲ್ಲ. ದವಡೆ ಮುರಿದಿರೋದಕ್ಕೆ ಅದೇ ದೊಡ್ಡ ಗುರುತಂತೆ, ದಯವಿಟ್ಟು ನೆನಪಿಟ್ಕೊಳ್ಳಿ.

ಆಮೇಲೆ ಮೈಸೂರಿನ ಡೆಂಟಲ್ ಕಾಲೇಜ್ ಆಸ್ಪತ್ರೆಗೆ ಕರ್ಕೊಂಡ್ ಹೋದ್ವಿ. ಅಲ್ಲಿ ಬರೀ ಹಲ್ಲು ಕೀಳ್ತಾರೆ ಅನ್ಕೊಂಡಿದ್ದೆ ನಾನು, ಮುಖದ ಮೂಳೆಗೇ ಅಂತ ಮ್ಯಾಕ್ಸಿಲೋಫೇಶಿಯಲ್ ಸರ್ಜನ್‌ಗಳು ಇರ್ತಾರೆ ಅನ್ನೋದೇ ಗೊತ್ತಿರ್ಲಿಲ್ಲ. ತ್ರೀಡಿ ಸಿಟಿ ಸ್ಕ್ಯಾನ್ ಮಾಡ್ಸಿ ಸ್ಕ್ರೀನಲ್ಲಿ ಒಂದೊಂದು ಬಿರುಕನ್ನೂ ಅಮ್ಮನಿಗೆ ಅರ್ಥ ಆಗೋ ಹಾಗೆ ತೋರಿಸಿದ್ರು. ಬಾವು ಇಳೀಲಿ ಅಂತ ನಾಲ್ಕು ದಿನ ಕಾಯ್ಸಿದ್ರು, ನಾವು ಜಗಳಕ್ಕೇ ಹೋಗಿದ್ವಿ, ಈಗ ಅದು ಸರಿ ಅನ್ಸತ್ತೆ. ಅನಸ್ತೇಶಿಯಾ ಟ್ಯೂಬ್ ಮೂಗಿಂದ ಹಾಕಿದ್ರು, ಯಾಕಂದ್ರೆ ಬಾಯಿ ಮುಚ್ಚಿ ಹಲ್ಲು ಸರಿಯಾಗಿ ಕೂರಿಸ್ಕೊಂಡೇ ಮೂಳೆ ಜೋಡಿಸ್ಬೇಕಲ್ಲ. ಟೈಟಾನಿಯಂ ಪ್ಲೇಟು ಸ್ಕ್ರೂ ಹಾಕಿದಾರೆ, ತೊಂದ್ರೆ ಕೊಡದಿದ್ರೆ ತೆಗೆಯೋದು ಬೇಡ್ವಂತೆ. ದವಡೆಗೆ ಬಾಯೊಳಗಿಂದ್ಲೇ ಕೊಯ್ದಿರೋದ್ರಿಂದ ಹೊರಗೆ ಆ ಹಳೇ ಗದ್ದದ ಗಾಯ ಒಂದೇ ಕಾಣೋದು.

ನಿಜವಾದ ಕಷ್ಟ ಆಮೇಲಿನ ನಾಲ್ಕು ವಾರ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ವೈರ್ ಕಟ್ಟಿದ್ರು, ರಾಗಿ ಗಂಜಿ, ಸೋಸಿದ ಬೇಳೆಕಟ್ಟು, ಮಜ್ಜಿಗೆ ಎಲ್ಲಾ ಸಿರಿಂಜಲ್ಲೇ. ಮುದ್ದೆ ಅಗಿಯೋದಲ್ಲ ನುಂಗೋದು, ಕೊಡಿ ಅಂತ ಬರೆದು ಬರೆದು ಕೇಳೋನು, ಬಾಯೇ ತೆರೆಯದಿದ್ರೆ ಎಲ್ಲಿಂದ ಕೊಡೋದು. ವಾಂತಿ ಬಂದು ಉಸಿರು ಕಟ್ಟಿದ್ರೆ ತಕ್ಷಣ ವೈರ್ ಕತ್ತರಿಸ್ಬೇಕು ಅಂತ ಒಬ್ರು ಸಿಸ್ಟರ್ ಕಟರ್ ಕೈಗೆ ಕೊಟ್ಟು ಯಾವ ವೈರ್ ಅಂತಾನೂ ತೋರಿಸಿದ್ರು, ತಿಂಗಳು ಪೂರ್ತಿ ಅದು ನನ್ ದಿಂಬಿನ ಪಕ್ಕಾನೇ ಇತ್ತು. ಆ ಸಿಸ್ಟರ್‌ಗೆ ಎಷ್ಟು ಕೈ ಮುಗಿದ್ರೂ ಸಾಲದು.

ಬಿಲ್ಲಿಂಗ್ ಕೌಂಟರ್ ಮಾತ್ರ ತುಂಬಾ ನಿಧಾನ. ಆಕ್ಸಿಡೆಂಟ್ ಕೇಸ್ ಆದ್ರಿಂದ ಎಂಎಲ್‌ಸಿ ಪೇಪರ್ (ಪೊಲೀಸ್ ಕೇಸಿಗೆ ಅಂತ ಆಸ್ಪತ್ರೆಯವ್ರು ಬರೆಯೋ ಗಾಯದ ದಾಖಲೆ) ಕೇಳ್ತಾರೆ, ಮೊದ್ಲೇ ಇಸ್ಕೊಂಡಿರಿ. ಬಿಪಿಎಲ್ ಕಾರ್ಡ್ ಇರೋರಿಗೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ, ನೀವು ಹೋಗೋ ಆಸ್ಪತ್ರೇಲಿ ನಡೆಯತ್ತಾ ಅಂತ ಅಡ್ಮಿಟ್ ಆಗೋ ಮುಂಚೆನೇ ಕೇಳ್ಕೊಳ್ಳಿ.

ವೈರ್ ಬಿಚ್ಚಿದಾಗ ಬಾಯಿ ಒಂದು ಬೆರಳಷ್ಟೂ ತೆರೀತಿರ್ಲಿಲ್ಲ, ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಇಟ್ಟು ದಿನಾ ಎಕ್ಸರ್‌ಸೈಜ್ ಮಾಡಿ ಮಾಡಿ ಈಗ ಮೂರು ಬೆರಳು ಹೋಗತ್ತೆ. ಮುದ್ದೆ ಬಸ್ಸಾರು ಶುರು ಮಾಡಿದಾನೆ. ಕೆಳತುಟಿ ಇನ್ನೂ ಜೋಮು, ದವಡೆ ಒಳಗಿನ ನರಕ್ಕೆ ಪೆಟ್ಟಾಗಿರೋದ್ರಿಂದ ತಿಂಗಳುಗಟ್ಟಲೆ ಹಿಡೀಬಹುದು ಅಂದಿದಾರೆ. ಸಾರು ತುಟೀಲಿ ಸೋರಿದ್ರೂ ಅವ್ನಿಗೆ ಗೊತ್ತಾಗಲ್ಲ, ಅಮ್ಮ ಪಕ್ಕದಲ್ಲೇ ಟವೆಲ್ ಹಿಡ್ಕೊಂಡ್ ಕೂತಿರ್ತಾರೆ.