ಶಿಶುಪಾಲನಾ ಕೇಂದ್ರವೊಂದರ ಅಡುಗೆಮನೆ: ಶುಚಿತ್ವಕ್ಕೆ ಪೂರ್ಣ ಅಂಕ, ಊಟಕ್ಕೆ ಇನ್ನೂ ಇಲ್ಲ

ನಮ್ಮ ಮಗು ಹಗಲು ಹೊತ್ತು ಇರುವ ಶಿಶುಪಾಲನಾ ಕೇಂದ್ರದಲ್ಲಿ ತಿಂಡಿ, ಊಟ, ಸಂಜೆಯ ಉಪಾಹಾರ ಮೂರೂ ಅಲ್ಲಿಯೇ ತಯಾರಾಗುತ್ತವೆ. ಕೇಳಿದ ಪೋಷಕರಿಗೆ ಅಡುಗೆಮನೆಯನ್ನು ತೋರಿಸಲು ಅಲ್ಲಿನವರು ಹಿಂಜರಿಯುವುದಿಲ್ಲ. ಈ ವಿಮರ್ಶೆ ಆಟಪಾಠದ ಬಗ್ಗೆ ಅಲ್ಲ, ಅಲ್ಲಿ ಕೊಡುವ ಆಹಾರದ ಬಗ್ಗೆ ಮಾತ್ರ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಡಯಾಪರ್ ಬದಲಿಸುವ ಸಿಬ್ಬಂದಿ ಅಡುಗೆಮನೆಗೆ ಕಾಲಿಡುವುದಿಲ್ಲ. ಎರಡೂ ಕಡೆ ಕೈತೊಳೆಯುವ ಸಿಂಕ್‌ಗಳು ಬೇರೆ. ಊಟಕ್ಕೆ ಮೊದಲು ಮಕ್ಕಳ ಕೈಗೆ ಸೋಪು ಹಚ್ಚಿ ತೊಳೆಸುತ್ತಾರೆಯೇ ಹೊರತು ಸ್ಯಾನಿಟೈಸರ್ ಸವರಿ ಮುಗಿಸುವುದಿಲ್ಲ. ವಾಂತಿಭೇದಿ ಹರಡುವ ನೊರೊವೈರಸ್‌ನ ಮೇಲೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡದಿರುವುದರಿಂದ ಇದು ಸರಿಯಾದ ಕ್ರಮ. ರೋಗಾಣುಗಳು ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎಂಬುದನ್ನು ಗಮನದಲ್ಲಿಟ್ಟುಕೊಂಡು, ಫ್ರಿಜ್‌ನ ತಾಪಮಾನವನ್ನೂ ಬಡಿಸುವ ಮುನ್ನ ಆಹಾರದ ಬಿಸಿಯನ್ನೂ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಉಳಿದ ಅನ್ನವನ್ನು ಸಂಜೆಗೆಂದು ಎತ್ತಿಡದೆ ಎಸೆಯುವುದನ್ನು ಕೆಲವು ಪೋಷಕರು ದುಂದು ಎನ್ನುತ್ತಾರೆ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಬದುಕುಳಿಯುತ್ತವೆ. ಅನ್ನವನ್ನು ಹಾಗೇ ಹೊರಗಿಟ್ಟರೆ ಅವು ಮೊಳೆತು ಉಂಟುಮಾಡುವ ವಿಷಗಳಲ್ಲಿ ಒಂದು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ವಾಂತಿಭೇದಿಯಾದರೆ ಬೇಗನೆ ನಿರ್ಜಲೀಕರಣಕ್ಕೆ ಒಳಗಾಗುವ ಪುಟ್ಟ ದೇಹಗಳ ವಿಷಯದಲ್ಲಿ ಈ ದುಂದು ನನಗೆ ಒಪ್ಪಿಗೆ.

ಎಳೆಗೂಸುಗಳ ಕೋಣೆಯಲ್ಲಿ ಶಿಸ್ತು ಇನ್ನೂ ಬಿಗಿ. ಫಾರ್ಮುಲಾ ಹಾಲಿನ ಪುಡಿ ಸಂಪೂರ್ಣ ಕ್ರಿಮಿರಹಿತವಲ್ಲ ಎಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ತಣಿಸಿ ಕುಡಿಸುತ್ತಾರೆ. ಎದೆಹಾಲಿನ ಪ್ರತಿ ಬಾಟಲಿಯ ಮೇಲೂ ಮಗುವಿನ ಹೆಸರು ಮತ್ತು ದಿನಾಂಕ ಇರುತ್ತದೆ. ಮೈಕ್ರೋವೇವ್‌ನಲ್ಲಿ ಹಾಲು ಒಂದೇ ಸಮನೆ ಬಿಸಿಯಾಗದೆ ಬಾಯಿ ಸುಡಬಹುದೆಂದು ಅದನ್ನು ಬಳಸುವುದಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಬೊಟುಲಿಸಂ ಎಂಬ, ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಬಲಗುಂದುವ ಕಾಯಿಲೆಯ ಅಪಾಯವಿರುವುದರಿಂದ ಜೇನುತುಪ್ಪವನ್ನು ಅಲ್ಲಿ ನೆಕ್ಕಿಸುವುದೂ ಇಲ್ಲ.

ಇಷ್ಟು ಎಚ್ಚರವಿರುವ ಅಡುಗೆಮನೆಯಿಂದ ಹೊರಬಂದ ಆಹಾರ ಮಕ್ಕಳ ಮುಂದೆ ಬಂದಾಗ ನನ್ನ ತಕರಾರು ಶುರುವಾಗುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡದೆ ಅಡ್ಡಡ್ಡ ಬಿಲ್ಲೆಗಳಾಗಿ ಕತ್ತರಿಸಿ ಕೊಡುತ್ತಿದ್ದರು. ಗುಂಡಗಿನ, ಜಾರುವ ತುಣುಕು ಮಗುವಿನ ಶ್ವಾಸನಾಳವನ್ನು ಮುಚ್ಚಿಬಿಡಬಲ್ಲದು. ಗೋಡೆಯ ಪಟ್ಟಿಯಲ್ಲಿ ತರಕಾರಿ, ಬೇಳೆಕಾಳು ಎಲ್ಲವೂ ಇವೆ, ಜೊತೆಗೆ ವಾರವಿಡೀ ಹಣ್ಣಿನ ರಸವೂ ಇದೆ. ಹಣ್ಣನ್ನೇ ಕೊಡಬಹುದಾದಾಗ ನಾರನ್ನು ಸೋಸಿ ಸಿಹಿಯನ್ನಷ್ಟೇ ಕೊಡುವುದೇಕೆ?

ಅದಕ್ಕಿಂತ ಹೆಚ್ಚು ಕಾಡಿದ್ದು ಊಟ ಮಾಡಿಸುವ ರೀತಿ. ತಟ್ಟೆ ಖಾಲಿ ಮಾಡಿದರೆ ಬಿಸ್ಕತ್ತು ಸಿಗುತ್ತದೆಂಬ ಆಮಿಷ ದಿನವೂ ಕಿವಿಗೆ ಬೀಳುತ್ತದೆ. ಹೊಸ ತರಕಾರಿಯೊಂದು ಮಗುವಿಗೆ ಒಗ್ಗಲು ಹತ್ತಕ್ಕೂ ಹೆಚ್ಚು ಬಾರಿ ರುಚಿ ತೋರಿಸಬೇಕಾಗಬಹುದು, ಅದೂ ಒತ್ತಾಯವಿಲ್ಲದೆ. ಆಮಿಷವೊಡ್ಡಿದರೆ ಮಗುವಿಗೆ ಬಿಸ್ಕತ್ತೇ ದೊಡ್ಡದಾಗಿ, ತರಕಾರಿ ಶಿಕ್ಷೆಯಾಗುತ್ತದೆ; ಹೊಟ್ಟೆ ತುಂಬಿದೆಯೆಂಬ ತನ್ನ ಅರಿವನ್ನು ನಂಬುವುದನ್ನೂ ಅದು ಮರೆಯುತ್ತದೆ. ಪಾಲಕಿಯರು ಮಕ್ಕಳ ಜೊತೆ ಕುಳಿತು ಅದೇ ಊಟವನ್ನು ಉಂಡರೆ ಅರ್ಧ ಕೆಲಸ ಆದಂತೆ. ಆದರೆ ಇಬ್ಬರೇ ಪಾಲಕಿಯರು ಇಡೀ ಕೋಣೆಗೆ ಬಡಿಸಿ, ಒರೆಸಿ ಸುಸ್ತಾಗುವಾಗ ಅವರನ್ನು ದೂರುವುದು ನ್ಯಾಯವಲ್ಲ. ಆ ಹೊತ್ತಿಗೆ ಇನ್ನೊಬ್ಬರನ್ನು ನೇಮಿಸಬೇಕಾದವರು ಆಡಳಿತದವರು.

ಎಳೆಗೂಸುಗಳ ಪೋಷಕರಿಗೆ ಈ ಕೇಂದ್ರವನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಎರಡು ವರ್ಷ ದಾಟಿದ ಮಕ್ಕಳಿದ್ದವರು ಸೇರಿಸುವ ಮುನ್ನ ಊಟದ ಹೊತ್ತಿಗೇ ಹೋಗಿ ಒಮ್ಮೆ ನೋಡಿಬರುವುದು ಒಳ್ಳೆಯದು. ನಾವು ಬರೆದುಕೊಟ್ಟ ಮೇಲೆ ದ್ರಾಕ್ಷಿ ಈಗ ಉದ್ದಕ್ಕೆ ಸೀಳಿ ಬರುತ್ತಿದೆ. ಹಣ್ಣಿನ ರಸ ಮಾತ್ರ ಪಟ್ಟಿಯಲ್ಲಿ ಹಾಗೆಯೇ ಇದೆ.