ದಾಳಿಂಬೆ, ದ್ರಾಕ್ಷಿ, ಮಣೂಕ, ಪೇರಲ: ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗೆ ಯಾವುದು ಸೇರುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ಕೊಟ್ಟ ದುಡ್ಡಿಗೆ ಸರಿಯಾಗಿ ಕೆಲಸ ಮಾಡಿದ್ದು ಪೇರಲ. ರುಚಿಯಲ್ಲಿ ಗೆದ್ದಿದ್ದು ಕಪ್ಪು ದ್ರಾಕ್ಷಿ. ಎಲ್ಲಕ್ಕಿಂತ ಜಾಸ್ತಿ ಹೆಸರು ಮಾಡಿರುವ ದಾಳಿಂಬೆ ಮಾತ್ರ ಹೇಗೆ ತಿನ್ನುತ್ತೀರಿ, ಯಾರ ಹೊಟ್ಟೆಗೆ ಹೋಗುತ್ತದೆ ಎನ್ನುವುದರ ಮೇಲೆ ನಿಂತಿದೆ.

ವಿಜಯಪುರದಲ್ಲಿ ಇದ್ದುಕೊಂಡು ಹಣ್ಣು ಸಿಗಲ್ಲ ಅನ್ನುವ ಹಾಗಿಲ್ಲ. ತಿಕೋಟಾ, ಬಬಲೇಶ್ವರ ಕಡೆಯಿಂದ ದ್ರಾಕ್ಷಿ ಬರುತ್ತದೆ, ಪಕ್ಕದ ಬಾಗಲಕೋಟೆ ಜಿಲ್ಲೆಯಿಂದ ದಾಳಿಂಬೆ ಬರುತ್ತದೆ. ಸಿಗುವುದು ಕಷ್ಟವಲ್ಲ, ಯಾವುದನ್ನು ಕೊಳ್ಳಬೇಕು ಅನ್ನುವುದೇ ಮನೆಯಲ್ಲಿ ಜಗಳ. ಅಪ್ಪ ದಾಳಿಂಬೆ ಪಾರ್ಟಿ, ಅವ್ವ ಮಣೂಕ, ಅಂದರೆ ಒಣದ್ರಾಕ್ಷಿ ಪಾರ್ಟಿ. ಹಾಗಾಗಿ ಊಟ ಬದಲಾಯಿಸದೆ, ಅಂದರೆ ಅದೇ ಜೋಳದ ರೊಟ್ಟಿ, ಅದೇ ಕಾಳಿನ ಪಲ್ಲೆ, ಅದೇ ಮಜ್ಜಿಗೆ ಇಟ್ಟುಕೊಂಡು, ಸಂಜೆ ಹೊತ್ತು ಕೆಲವು ದಿನ ಒಂದೇ ಹಣ್ಣು ತಿಂದು, ಆಮೇಲೆ ನಡುವೆ ಬಿಡುವು ಕೊಟ್ಟು ಇನ್ನೊಂದಕ್ಕೆ ಹೋದೆ. ನೋಡಿದ್ದು ಇಷ್ಟೇ: ಗ್ಯಾಸ್ ಎಷ್ಟು, ಬೆಳಿಗ್ಗೆ ಹೊಟ್ಟೆ ಹೇಗೆ, ರಾತ್ರಿ ಊಟದ ತನಕ ಹಸಿವು ತಡೆಯುತ್ತದಾ, ತಿನ್ನೋಕೆ ಎಷ್ಟು ಉಸಾಬರಿ. ಕರುಳಿನಲ್ಲಿ ಯಾವ ರಾಸಾಯನಿಕ ಹುಟ್ಟಿತು ಅಂತ ಮನೆಯಲ್ಲಿ ಕೂತು ಅಳೆಯೋಕೆ ಬರಲ್ಲ. ಅಲ್ಲಿ ವಿಜ್ಞಾನ ಹೇಳುವುದನ್ನೇ ನಂಬಬೇಕು.

ಅದು ಹೇಳುವುದು ಹೀಗೆ. ಹಣ್ಣಿನ ಬಣ್ಣ, ಒಗರು, ಸ್ವಲ್ಪ ಕಹಿ, ಇವುಗಳ ಹಿಂದೆ ಇರುವುದು ಹೆಚ್ಚಾಗಿ ಪಾಲಿಫಿನಾಲ್ ಅನ್ನುವ ವಸ್ತುಗಳ ಗುಂಪು. ಇವನ್ನು ನಮ್ಮ ಸಣ್ಣ ಕರುಳು ಹೀರಿಕೊಳ್ಳುವುದು ಬಹಳ ಕಡಿಮೆ, ನೂರಕ್ಕೆ ಐದೋ ಹತ್ತೋ ಭಾಗ ಅಂತ ಲೆಕ್ಕ. ಉಳಿದಿದ್ದೆಲ್ಲ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಗಾಳಿಯೇ ಇಲ್ಲದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಕಾಯುತ್ತಿರುತ್ತವೆ. ಮೊದಲು ಅಣುವಿಗೆ ಅಂಟಿಕೊಂಡ ಸಕ್ಕರೆಯನ್ನು ಕತ್ತರಿಸುತ್ತವೆ, ಆಮೇಲೆ ಅಣುವಿನ ಉಂಗುರಗಳನ್ನು ಒಡೆಯುತ್ತವೆ, ಕೊನೆಗೆ ಸಣ್ಣ ಸಣ್ಣ ಆಮ್ಲಗಳು ಉಳಿದು ರಕ್ತಕ್ಕೆ ಸೇರುತ್ತವೆ. ಒಂದು ಜಾತಿ ಅರ್ಧ ಮಾಡಿಟ್ಟ ಕೆಲಸವನ್ನು ಇನ್ನೊಂದು ಜಾತಿ ಮುಂದುವರಿಸುತ್ತದೆ. ಅಂದರೆ ಹಣ್ಣಿನಲ್ಲಿ ಏನಿದೆ ಅನ್ನುವುದು ಅರ್ಧ ಮಾತು. ಹೊಟ್ಟೆಯಲ್ಲಿ ಯಾರು ಇದ್ದಾರೆ ಅನ್ನುವುದು ಇನ್ನರ್ಧ.

ಈಗ ದಾಳಿಂಬೆ. ನಾನು ತಿಂದಿದ್ದು ಭಗವಾ, ಆ ಕೆಂಪು ತಳಿ. ಇದರ ಹೆಸರುವಾಸಿ ವಸ್ತು ಪ್ಯುನಿಕಲಾಜಿನ್, ದೊಡ್ಡ ಒಗರು ಅಣು. ಹೊಟ್ಟೆಯಲ್ಲಿ ಇದು ಒಡೆದು ಎಲಾಜಿಕ್ ಆಮ್ಲ ಆಗುತ್ತದೆ. ಆ ಆಮ್ಲವನ್ನು ನಮ್ಮ ದೇಹ ಸರಿಯಾಗಿ ಹೀರಿಕೊಳ್ಳಲ್ಲ. ದೊಡ್ಡ ಕರುಳಿನ ಗಾರ್ಡೋನಿಬ್ಯಾಕ್ಟರ್ ಮುಂತಾದ ಕೆಲವೇ ಬ್ಯಾಕ್ಟೀರಿಯಾ ಅದನ್ನು ಹಿಡಿದು, ಒಂದು ಉಂಗುರ ಬಿಚ್ಚಿ, ಆಮೇಲೆ ಅದರ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳನ್ನು (ಆಮ್ಲಜನಕ, ಜಲಜನಕ ಸೇರಿದ ಸಣ್ಣ ತುಣುಕುಗಳು) ಒಂದೊಂದಾಗಿ ಕಿತ್ತು ಯೂರೋಲಿಥಿನ್ ಅನ್ನುವ ವಸ್ತು ಮಾಡುತ್ತವೆ. ಇದು ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ತಿಂದ ಒಂದೆರಡು ದಿನದ ಮೇಲೂ ಮೂತ್ರದಲ್ಲಿ ಸಿಗುತ್ತದೆ. 2016ರಲ್ಲಿ ಯೂರೋಲಿಥಿನ್ ಎ ಕೊಟ್ಟಾಗ ಪ್ರಯೋಗಾಲಯದ ಪುಟ್ಟ ಹುಳುಗಳ ಆಯುಷ್ಯ ಹೆಚ್ಚಿತು ಅಂತ ಬಂದ ಮೇಲೆ ಇದಕ್ಕೆ ಬೇಡಿಕೆ ಶುರುವಾಯಿತು, ಈಗ ಕ್ಯಾಪ್ಸೂಲ್ ಕೂಡ ಮಾರುತ್ತಾರೆ. ಹುಳ ಬೇರೆ, ಮನುಷ್ಯ ಬೇರೆ, ಅಲ್ವಾ?

ಕಿರಿಕಿರಿ ಇರುವುದು ಇಲ್ಲಿ. ಎಲ್ಲರ ಹೊಟ್ಟೆಯೂ ಇದನ್ನು ಮಾಡಲ್ಲ. ಸ್ಪೇನ್‌ನ ಸಂಶೋಧಕರು ಜನರನ್ನು ಮೂರು ಗುಂಪು ಮಾಡಿದ್ದಾರೆ. ಎ ಗುಂಪಿನವರಲ್ಲಿ ಕೊನೆಗೆ ಬರುವುದು ಯೂರೋಲಿಥಿನ್ ಎ, ಬಿ ಗುಂಪಿನವರಲ್ಲಿ ಬೇರೆ ಬಗೆಯವೂ ಬರುತ್ತವೆ, ಸೊನ್ನೆ ಗುಂಪಿನವರಲ್ಲಿ ಕೊನೆಯ ವಸ್ತು ಹುಟ್ಟುವುದೇ ಇಲ್ಲ. ಅಪ್ಪನೂ ನಾನೂ ಒಂದೇ ಹಣ್ಣನ್ನು ಅರ್ಧರ್ಧ ಮಾಡಿ ತಿಂದರೂ ಇಬ್ಬರ ರಕ್ತಕ್ಕೂ ಒಂದೇ ಸೇರುತ್ತದೆ ಅಂತ ಹೇಳೋಕಾಗಲ್ಲ. ಮೊಸರು ತಿಂದರೆ ಸರಿಹೋಗುತ್ತದೆ ಅಂತ ಅಪ್ಪ ವಾದ ಮಾಡಿದರು. ಮೊಸರಿನ ಬ್ಯಾಕ್ಟೀರಿಯಾ ಬೇರೆ, ಈ ಕೆಲಸ ಮುಖ್ಯವಾಗಿ ಮಾಡುವ ಬ್ಯಾಕ್ಟೀರಿಯಾ ಬೇರೆ. ಮೊಸರು ತಿನ್ನಿ, ಬೇಡ ಅನ್ನಲ್ಲ, ಆದರೆ ಈ ಕಾರಣಕ್ಕೆ ಅಲ್ಲ.

ಇನ್ನೊಂದು ವಿಷಯ ನನಗೆ ತಮಾಷೆ ಅನಿಸಿತು. ಕಾಳು ಬಿಡಿಸಿ ತಿನ್ನುವುದೇ ಶುದ್ಧ, ಜ್ಯೂಸ್ ಸುಮ್ನೆ ಸಕ್ಕರೆ ನೀರು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಪ್ಯುನಿಕಲಾಜಿನ್ ಜಾಸ್ತಿ ಇರುವುದು ಕೆಂಪು ಕಾಳಿನಲ್ಲಲ್ಲ, ಸಿಪ್ಪೆಯಲ್ಲಿ ಮತ್ತು ಆ ಬಿಳಿ ಪೊರೆಯಲ್ಲಿ. ಇಡೀ ಹಣ್ಣನ್ನೇ ಹಿಂಡಿ ಫ್ಯಾಕ್ಟರಿಯಲ್ಲಿ ತೆಗೆದ ರಸದಲ್ಲಿ ಅದು ಬರೀ ಕಾಳಿನ ರಸಕ್ಕಿಂತ ಜಾಸ್ತಿ ಇರುತ್ತದೆ. ನಮ್ಮ ಊರಿನ ಜ್ಯೂಸ್ ಅಂಗಡಿಯವರು ಕಾಳನ್ನಷ್ಟೇ ಮಿಕ್ಸಿಗೆ ಹಾಕಿ, ಸೋಸಿ, ಮೇಲೆ ಸಕ್ಕರೆ ಸುರಿದು ಕೊಡುತ್ತಾರೆ. ಅದರಲ್ಲಿ ಒಗರೂ ಇಲ್ಲ, ನಾರೂ ಇಲ್ಲ, ನನಗೆ ಒಂದು ಗಂಟೆಯೊಳಗೆ ಮತ್ತೆ ಹಸಿವು. ಕಾಳು ಅಗಿದು ತಿಂದಾಗ ಹೊಟ್ಟೆ ಹಗುರ, ಗ್ಯಾಸ್ ಇಲ್ಲವೇ ಇಲ್ಲ ಅನ್ನಬೇಕು. ನೂರು ಗ್ರಾಂ ಕಾಳಿಗೆ ಸುಮಾರು 4 ಗ್ರಾಂ ನಾರು, ಅದೂ ಒಳಗಿನ ಬೀಜ ಅಗಿದು ನುಂಗಿದರೆ. ಈಗ ಕಾಳಿನ ಜೊತೆ ಬಿಳಿ ಪೊರೆ ಸ್ವಲ್ಪ ಅಂಟಿಕೊಂಡು ಬಂದರೂ ಹಾಗೇ ತಿನ್ನುತ್ತೇನೆ. ಕಹಿ ಇದೆ, ಸುಳ್ಳು ಹೇಳಲ್ಲ.

ದ್ರಾಕ್ಷಿಯಲ್ಲಿ ಎರಡು ನೋಡಿದೆ: ಹಸಿರು ಥಾಮ್ಸನ್, ಕಪ್ಪು ಶರದ್. ನಾರಿನ ಲೆಕ್ಕದಲ್ಲಿ ದ್ರಾಕ್ಷಿ ಬಡವ, ನೂರು ಗ್ರಾಂಗೆ ಒಂದು ಗ್ರಾಂ ಕೂಡ ಪೂರ್ತಿ ಇಲ್ಲ. ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ಆಂಥೋಸಯನಿನ್. ಅದನ್ನು ಬ್ಯಾಕ್ಟೀರಿಯಾ ಒಡೆದು ಪ್ರೊಟೊಕ್ಯಾಟೆಚುಯಿಕ್ ಆಮ್ಲದಂಥ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಈ ಕೆಲಸ ಯೂರೋಲಿಥಿನ್‌ನಷ್ಟು ಆಯ್ದ ಬ್ಯಾಕ್ಟೀರಿಯಾ ಕೇಳಲ್ಲ. ಹಸಿರಿನಲ್ಲಿ ಆ ಬಣ್ಣವೇ ಇಲ್ಲ. ಬೀಜದಲ್ಲಿ ಇರುವ ಒಗರು ಎರಡರಲ್ಲೂ ಸಿಗಲ್ಲ, ಯಾಕೆಂದರೆ ಎರಡೂ ಬೀಜ ಇಲ್ಲದ ತಳಿ. ಒಂದು ಬಟ್ಟಲು ತಿಂದು ಹೊಟ್ಟೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಬಾಯಿಗೆ ಮಾತ್ರ ಹಬ್ಬ.

ಅವ್ವನ ಮಣೂಕ ಮಾತ್ರ ನನ್ನನ್ನು ಆಶ್ಚರ್ಯಪಡಿಸಿತು. ಅದೇ ದ್ರಾಕ್ಷಿ, ನೀರು ಹೋಗಿದೆ ಅಷ್ಟೇ ಅಂತ ನನ್ನ ಲೆಕ್ಕವಿತ್ತು. ರಾತ್ರಿ ನೆನೆಹಾಕಿದ ಒಂದು ಹಿಡಿ ತಿಂದರೆ ಬೆಳಿಗ್ಗೆ ಹೊಟ್ಟೆ ಗಡಿಯಾರದ ಥರ. ನಾರು ಒಂದೆಡೆ ಸೇರಿ ದಟ್ಟವಾಗಿದೆ, ನೂರು ಗ್ರಾಂಗೆ 4 ಗ್ರಾಂ ಹತ್ತಿರ. ಜೊತೆಗೆ ಟಾರ್ಟಾರಿಕ್ ಆಮ್ಲ ಇದೆ. ಅದು ದ್ರಾಕ್ಷಿಯ ಗುರುತು, ಬೇರೆ ಹಣ್ಣುಗಳಲ್ಲಿ ಕಡಿಮೆ, ಅದರ ಬಹುಪಾಲು ಸಣ್ಣ ಕರುಳಿನಲ್ಲಿ ಹೀರದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗೆ ಆಹಾರವಾಗುತ್ತದೆ. ಪಾಲಿಫಿನಾಲ್ ಮಾತ್ರ ಒಣಗಿಸುವಾಗ ಕಡಿಮೆಯಾಗುತ್ತದೆ. ಹಣ್ಣಿನ ಒಳಗಿನ ಎಂಜೈಮ್ ಅದನ್ನು ಕಂದು ಮಾಡುತ್ತದೆ. ಇಲ್ಲಿ ಶೆಡ್ಡಿನಲ್ಲಿ ಒಣಹಾಕುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ, ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ಬೇಗ ಒಣಗಲಿ ಅಂತ. ಗಂಧಕದ ಹೊಗೆ ಕೊಟ್ಟ ಬಂಗಾರ ಬಣ್ಣದ ಮಣೂಕದಲ್ಲಿ ಆ ಎಂಜೈಮ್ ನಿಂತುಹೋಗುವುದರಿಂದ ಪಾಲಿಫಿನಾಲ್ ಸ್ವಲ್ಪ ಜಾಸ್ತಿ ಉಳಿಯುತ್ತದೆ. ಆದರೆ ಗಂಧಕದಿಂದ ಅಸ್ತಮಾ ಇರುವ ಕೆಲವರಿಗೆ ಉಸಿರು ಕಟ್ಟುತ್ತದೆ, ಹಾಗಾಗಿ ನಮ್ಮ ಮನೆಗೆ ಕಂದೇ ಸಾಕು. ಸಕ್ಕರೆ ಮಾತ್ರ ಮರೆಯಬೇಡಿ. ಶುಗರ್ ಇರುವವರು ಹಿಡಿ ಹಿಡಿ ತಿನ್ನುವ ವಸ್ತು ಇದಲ್ಲ.

ಇನ್ನು ಪೇರಲ. ನೂರು ಗ್ರಾಂಗೆ 5 ಗ್ರಾಂಗಿಂತ ಜಾಸ್ತಿ ನಾರು, ಅದರಲ್ಲಿ ಪೆಕ್ಟಿನ್ ಅನ್ನುವ ನೀರಿನಲ್ಲಿ ಕರಗುವ ನಾರೂ ಇದೆ. ಪೆಕ್ಟಿನ್‌ನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಅನ್ನುವ ಸಣ್ಣ ಕೊಬ್ಬಿನ ಆಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ. ಇದಕ್ಕೆ ಗಾರ್ಡೋನಿಬ್ಯಾಕ್ಟರ್ ಥರ ಅಪರೂಪದ ಗಿರಾಕಿ ಬೇಕಿಲ್ಲ, ಹುದುಗಿಸುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಎಲ್ಲರಲ್ಲೂ ಇವೆ. ಅದಕ್ಕೇ ನನಗೆ ಪೇರಲ ಮೇಲೆ ನಂಬಿಕೆ. ಶುರುವಿನ ದಿನಗಳಲ್ಲಿ ಗ್ಯಾಸ್ ಬಂತು, ಜೋರಾಗಿಯೇ ಬಂತು, ಆಮೇಲೆ ಇಳಿಯಿತು. ನನ್ನ ತಮ್ಮನಿಗೆ ಮಾತ್ರ ಕೊನೆಯ ತನಕ ಹೊಟ್ಟೆ ಉಬ್ಬರ, ಅವನು ಪೇರಲ ಕಂಡರೆ ಓಡುತ್ತಾನೆ. ಹಸಿವು ತಡೆದ ಹಣ್ಣು ಇದೊಂದೇ. ಸಿಪ್ಪೆ ಸಮೇತ ಕಚ್ಚಿ ತಿಂದರೆ ಬಿಡಿಸುವ ಉಸಾಬರಿಯೂ ಇಲ್ಲ. ಗಟ್ಟಿ ಬೀಜ ಅಗಿಯದೆ ನುಂಗಿದರೆ ಹೇಗೆ ಹೋಯಿತೋ ಹಾಗೇ ಆಚೆ ಬರುತ್ತದೆ, ಚಿಂತೆ ಬೇಡ.

ಆಂಟಿಬಯೋಟಿಕ್ ಗುಳಿಗೆ ನುಂಗುತ್ತಿರುವಾಗ ಇಂಥ ಹೋಲಿಕೆ ಮಾಡಬೇಡಿ. ಅದು ಬೇಡದ ಬ್ಯಾಕ್ಟೀರಿಯಾ ಜೊತೆಗೆ ಇವನ್ನೂ ಹೊಡೆಯುತ್ತದೆ, ಆಗ ಯಾವ ಹಣ್ಣು ತಿಂದು ಏನಾಯಿತು ಅಂತ ಗೊತ್ತಾಗಲ್ಲ.

ಸದ್ಯಕ್ಕೆ ಮನೆಯಲ್ಲಿ ಪೇರಲ ಸಿಕ್ಕಾಗೆಲ್ಲ ಪೇರಲ, ಮಣೂಕ ಒಂದು ಸಣ್ಣ ಹಿಡಿ, ಫೆಬ್ರವರಿಯಿಂದ ಏಪ್ರಿಲ್ ತನಕ ಕಪ್ಪು ದ್ರಾಕ್ಷಿ. ದಾಳಿಂಬೆ ಅಪ್ಪನ ದುಡ್ಡಿನಲ್ಲಿ ಬಂದರೆ ಮಾತ್ರ.